ಉದ್ಯಾನದ ಹಿಂದಿನ ಕಾಲುದಾರಿ: ಮಳೆ ಬಿಟ್ಟಿದೆ, ಕೆಲಸ ಎಲ್ಲಿಂದ ಹಿಡಿಯೋಣ?

ವಾರ್ಡಿನ ಅಕ್ಕ:
ಮಡಿಕೇರಿಯಲ್ಲಿ ನಮ್ಮ ಬಡಾವಣೆಯ ಉದ್ಯಾನದ ಕೆಳಗೇಟಿನಿಂದ ಮೇಲಿನ ಬಂಡೆಯವರೆಗೆ ಹೋಗುವ ಕಾಲುದಾರಿಯನ್ನು ಟೇಪು ಹಿಡಿದು ಅಳೆದಾಯಿತು. 640 ಮೀಟರ್ ಉದ್ದ, 1.2 ಮೀಟರ್ ಅಗಲ. ಈ ಮಳೆಗಾಲಕ್ಕೆ ಮೂರು ಕಡೆ ಕೆಟ್ಟಿದೆ. ಗೇಟಿನ ಹತ್ತಿರದ 40 ಮೀಟರ್ ಪೂರ್ತಿ ಕೆಸರು, ವಯಸ್ಸಾದವರು ಕಾಲಿಡಲು ಹೆದರುತ್ತಾರೆ. ಅದರ ಮೇಲಿನ 120 ಮೀಟರ್ ನೇರ ಏರು, ದಾರಿಯ ನಟ್ಟನಡುವೆ ಒಂದಡಿ ಆಳದ ಕೊರಕಲು. ಉಳಿದ 480 ಮೀಟರ್ ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ, ನಡೆಯಬಹುದು. ಆದರೆ ಮೇಲ್ತುದಿಯ ಹತ್ತಿರ 3 ಮೀಟರ್ ಎತ್ತರದ ಬರೆಯ (ಕಡಿದ ಮಣ್ಣಿನ ಗೋಡೆಯ) ಬುಡದಲ್ಲೇ ದಾರಿ ಹಾದುಹೋಗುತ್ತದೆ, ಆ ಬರೆಯ ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ.

ತುಲಾ ಸಂಕ್ರಮಣ ಕಳೆದ ಮೇಲೆ ಎರಡು ಭಾನುವಾರ ಶ್ರಮದಾನ, ನವೆಂಬರ್ 1ರಂದು ರಾಜ್ಯೋತ್ಸವಕ್ಕೆ ಮಕ್ಕಳು, ಹಿರಿಯರನ್ನು ಸೇರಿಸಿ ನಡಿಗೆ ಎಂದು ಯೋಚನೆ. 24 ಜನ ಹೆಸರು ಕೊಟ್ಟಿದ್ದಾರೆ. ಕೊರಕಲಿಗೆ ಒಂದು ಲೋಡ್ ಜಲ್ಲಿ ತುಂಬಿಸೋಣ ಅಂತ ಕೆಲವರು, ಪೂರ್ತಿ ಕಾಂಕ್ರೀಟ್ ಹಾಕಿಸೋಣ ಅಂತ ಕೆಲವರು. ಕೆಲಸ ತಿಳಿದವರು ದಯವಿಟ್ಟು ಹೇಳಿ, ಎರಡು ಭಾನುವಾರದಲ್ಲಿ ಆಗುವುದೇನು, ಆಗದ್ದೇನು?

ನೀರುಮಟ್ಟ:
ಅಕ್ಕ, ಜಲ್ಲಿ ಲೋಡ್ ಈಗ ತರಿಸಬೇಡಿ. ಕೊರಕಲಿಗೆ ತುಂಬಿದ ಜಲ್ಲಿ ಮುಂದಿನ ಜುಲೈಯಲ್ಲಿ ಗೇಟಿನ ಹತ್ತಿರ ಬಂದು ಬಿದ್ದಿರುತ್ತದೆ. ನಿಮ್ಮ ದಾರಿ ಈಗ ತೋಡಿನ ಕೆಲಸ ಮಾಡುತ್ತಿದೆ, ಅದನ್ನು ಬಿಡಿಸದೆ ಏನು ಹಾಕಿದರೂ ನಿಲ್ಲುವುದಿಲ್ಲ.

ಲೆಕ್ಕ ನೋಡಿ. ಆ 120 ಮೀಟರ್ ತುಂಡಿನ ಮೇಲ್ಮೈ 144 ಚದರ ಮೀಟರ್. ಒಂದು ಇಂಚು ಮಳೆ ಬಿದ್ದರೆ, ಅಂದರೆ 25.4 ಮಿ.ಮೀ., ಬರೀ ದಾರಿಯ ಮೇಲೆ ಬೀಳುವ ನೀರೇ 3,600 ಲೀಟರಿಗೂ ಹೆಚ್ಚು. ಆರು ಇಂಚು ಹೊಡೆದ ದಿನ ಸುಮಾರು 22,000 ಲೀಟರ್. ಮೇಲಿನ ಗುಡ್ಡದಿಂದ ಹರಿದು ಬಂದು ಸೇರುವುದು ಬೇರೆ. ಇಷ್ಟೂ ನೀರು ಒಂದೇ ಗೆರೆಯಲ್ಲಿ ಇಳಿದರೆ ಕೆಳಗೆ ಬರುತ್ತಾ ವೇಗ ಹೆಚ್ಚಿ ಮಣ್ಣು ಕೀಳುತ್ತದೆ. ಅದೇ ನೀರನ್ನು 15 ಮೀಟರಿಗೊಮ್ಮೆ ದಾರಿಯಿಂದ ಪಕ್ಕಕ್ಕೆ ಇಳಿಸಿದರೆ ಎಲ್ಲಿಯೂ ಅದಕ್ಕೆ ಕೊರೆಯುವ ಶಕ್ತಿ ಬರುವುದಿಲ್ಲ.

ಮಾಡಬೇಕಾದ್ದು ಎರಡು. ಒಂದು, ಹೊರವಾಟ. ದಾರಿಯ ಒಳಬದಿಗಿಂತ ಕಣಿವೆಬದಿ ತುಸು ತಗ್ಗಿರಬೇಕು. 1.2 ಮೀಟರ್ ಅಗಲಕ್ಕೆ 5ರಿಂದ 6 ಸೆಂ.ಮೀ. ಇಳಿತ ಸಾಕು. ವರ್ಷಗಟ್ಟಲೆ ನಡೆದ ದಾರಿಯಲ್ಲಿ ನಡುಭಾಗ ತುಳಿತಕ್ಕೆ ಕುಗ್ಗಿ, ಕಣಿವೆಬದಿಯಲ್ಲಿ ಮಣ್ಣು, ಎಲೆ ಸೇರಿ ಸಣ್ಣ ಏರಿ ಕಟ್ಟಿಕೊಂಡಿರುತ್ತದೆ. ಆ ಏರಿಯನ್ನು ಕೆರೆದು ತೆಗೆಯುವುದೇ ಅರ್ಧ ಕೆಲಸ.

ಎರಡು, ತಗ್ಗು ಮತ್ತು ದಿಬ್ಬ. 3 ಮೀಟರ್ ಉದ್ದಕ್ಕೆ ದಾರಿಯನ್ನು ನಿಧಾನವಾಗಿ ತಗ್ಗಿಸುತ್ತಾ ಬಂದು ಅತಿ ಆಳದ ಕಡೆ 15 ಸೆಂ.ಮೀ. ಮಾಡಿ. ಅಗೆದ ಮಣ್ಣನ್ನು ತಗ್ಗಿನ ಕೆಳಮಗ್ಗುಲಿಗೆ ಎಳೆದು ಒಂದೂವರೆ, ಎರಡು ಮೀಟರ್ ಉದ್ದದ ದಿಬ್ಬ ಮಾಡಿ, ದಮ್ಮಸ್ಸು ಹಾಕಿ ಗಟ್ಟಿ ಮಾಡಿ. ತಗ್ಗಿನ ತಳಕ್ಕೆ ಕಣಿವೆಬದಿಗೆ ವಾಟ ಇರಬೇಕು. ಬಾಯಿ ಕನಿಷ್ಠ 60 ಸೆಂ.ಮೀ. ಅಗಲ, ಅದರ ಮುಂದೆ ಒಂದು ಮೀಟರ್ ಉದ್ದಕ್ಕೆ ಮುಷ್ಟಿ ಗಾತ್ರದ ಕಲ್ಲು ಹಾಸಿ. ಕಲ್ಲು ಹಾಸದಿದ್ದರೆ ನೀರು ಬಿದ್ದ ಕಡೆಯಿಂದ ಹೊಸ ಕೊರಕಲು ಹುಟ್ಟಿ ದಾರಿಯ ಕಡೆಗೆ ಹಿಂದಕ್ಕೆ ತಿನ್ನುತ್ತಾ ಬರುತ್ತದೆ.

ಮರದ ದಿಮ್ಮಿ ಅಡ್ಡ ಹೂತು ನೀರು ತಿರುಗಿಸುವುದನ್ನು ಹಲವು ಕಡೆ ಮಾಡುತ್ತಾರೆ. ದಾರಿಗೆ ನೇರ ಅಡ್ಡ ಹೂತರೆ ಅದರ ಹಿಂದೆ ಹೂಳು ತುಂಬಿ ಮೊದಲ ತಿಂಗಳಲ್ಲೇ ನೀರು ಮೇಲಿಂದ ಹಾರುತ್ತದೆ. 45 ಡಿಗ್ರಿ ಓರೆಯಾಗಿ ಹೂತರೆ ಹೂಳು ತಾನಾಗಿ ತೊಳೆದುಹೋಗುತ್ತದೆ. ಸಿಲ್ವರ್ ಮರದ (ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್) ದಿಮ್ಮಿ ಸುಲಭಕ್ಕೆ ಸಿಗುತ್ತದೆ ನಿಜ, ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಕಲ್ಲು ಸಿಗುವ ಊರಿನಲ್ಲಿ ದಿಮ್ಮಿ ಯಾಕೆ?

ಆ 120 ಮೀಟರಿನ ಏರು ನಿಖರವಾಗಿ ಎಷ್ಟು ಅಂತ ಅಳೆದು ಹೇಳಿ. ಕಟ್ಟಡದ ಮೇಸ್ತ್ರಿಗಳ ಲೆವೆಲ್ ಟ್ಯೂಬ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು, ಸಾಕು. 10 ಮೀಟರಿಗೊಂದು ಗೂಟ ಹೊಡೆದು ಎರಡು ಗೂಟದ ನಡುವಿನ ಎತ್ತರದ ವ್ಯತ್ಯಾಸ ಬರೆದುಕೊಳ್ಳಿ. ವ್ಯತ್ಯಾಸ ಒಂದು ಮೀಟರ್ ಬಂದರೆ ನೂರಕ್ಕೆ ಹತ್ತರ ಏರು.

ವಾರ್ಡಿನ ಅಕ್ಕ:
ಅಳೆದೆವು. 120 ಮೀಟರಿಗೆ ಒಟ್ಟು 21.6 ಮೀಟರ್ ಏರಿದೆ, ಅಂದರೆ ನೂರಕ್ಕೆ ಹದಿನೆಂಟು. ದಾರಿ ಗುಡ್ಡದ ಇಳಿಜಾರಿನಲ್ಲೇ ನೆಟ್ಟಗೆ ಹತ್ತುತ್ತದೆ. ಬಲಗಡೆ ಉದ್ಯಾನದ್ದೇ ಜಾಗ 30 ಮೀಟರ್ ಇದೆ, ಆಮೇಲೆ ಕಾಫಿ ತೋಟದ ಬೇಲಿ. ಆದರೆ ಕೆಳಗಿನ 50 ಮೀಟರಿನಲ್ಲಿ ಎರಡೂ ಕಡೆ ಬಂಡೆ, ಪಕ್ಕಕ್ಕೆ ಸರಿಸಲು ಆಗುವುದಿಲ್ಲ. ಉಳಿದ ಬಳಸುದಾರಿ ನೂರಕ್ಕೆ ಐದು, ಆರು.

ನೀರುಮಟ್ಟ:
ಹಾಗಾದರೆ ಆ ತುಂಡನ್ನು ಎರಡು ಮಾಡಿ ನೋಡೋಣ.

ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗಬಾರದು. ಹೆಚ್ಚಾದರೆ ನೀರು ದಾರಿಯನ್ನು ಅಡ್ಡ ದಾಟುವುದಿಲ್ಲ, ದಾರಿಯನ್ನೇ ಹಿಡಿಯುತ್ತದೆ. ನಿಮ್ಮ ಗುಡ್ಡ ಹದಿನೆಂಟು, ದಾರಿಗೆ ಒಂಬತ್ತು ಮಿತಿ. ಮೇಲಿನ 70 ಮೀಟರಿನಲ್ಲಿ 12.6 ಮೀಟರ್ ಏರಬೇಕು, ನೂರಕ್ಕೆ ಒಂಬತ್ತರಂತೆ 140 ಮೀಟರ್ ಉದ್ದದ ದಾರಿ ಬೇಕು. ಅಂಕುಡೊಂಕಾಗಿ ಹತ್ತುವ 28 ಮೀಟರಿನ ಐದು ಎಳೆ, ನಾಲ್ಕು ತಿರುವು. ನಿಮ್ಮ 30 ಮೀಟರ್ ಅಗಲದಲ್ಲಿ ಕೂರುತ್ತದೆ.

ಹೊಸ ದಾರಿಯನ್ನು ಪೂರ್ತಿ ಗುಡ್ಡದೊಳಗೆ ಕೊರೆದೇ ಮಾಡಿ. ಅರ್ಧ ಕೊರೆದು ಆ ಮಣ್ಣನ್ನೇ ಕಣಿವೆಬದಿಗೆ ಹಾಕಿ ಅಗಲ ಮಾಡಿದರೆ ಕೆಲಸ ಅರ್ಧ ಉಳಿದಂತೆ ಕಾಣುತ್ತದೆ, ಆದರೆ ಆ ಹಾಕಿದ ಮಣ್ಣು ಮೊದಲ ಮಳೆಗಾಲದಲ್ಲೇ ಜಾರಿ ಹೋಗುತ್ತದೆ. 1.2 ಮೀಟರ್ ಅಗಲ ಕೊರೆದರೆ ಒಳಬದಿಯಲ್ಲಿ ಕಡಿತದ ಎತ್ತರ 22 ಸೆಂ.ಮೀ. ಮಾತ್ರ. ಮೀಟರಿಗೆ 0.13 ಘನ ಮೀಟರ್, 140 ಮೀಟರಿಗೆ ಸುಮಾರು 18 ಘನ ಮೀಟರ್ ಅಗೆತ. ಒದ್ದೆ ಮಣ್ಣಿನಲ್ಲಿ ಒಬ್ಬ ಆಳು ದಿನಕ್ಕೆ ಒಂದೂವರೆಯಿಂದ ಎರಡು ಘನ ಮೀಟರ್ ಅಗೆಯಬಹುದು. ಹನ್ನೆರಡು ಜನಕ್ಕೆ ಒಂದು ದಿನದ ಕೆಲಸ. ಅಕ್ಟೋಬರ್, ನವೆಂಬರ್ ಬಿಟ್ಟು ಫೆಬ್ರವರಿಗೆ ಹೋದರೆ ಮಣ್ಣು ಗಟ್ಟಿಯಾಗಿ ಇದಕ್ಕೆ ಎರಡು ಪಟ್ಟು ಆಳು ಬೇಕಾಗುತ್ತದೆ, ಹಾಕಿದ ದಿಬ್ಬವೂ ಪುಡಿಯಾಗಿ ಗಟ್ಟಿಗೊಳ್ಳುವುದಿಲ್ಲ. ಮೇಲಾಗಿ ನವೆಂಬರ್ ಕೊನೆಗೆ ಅರೇಬಿಕ ಕಾಫಿ ಕೊಯ್ಲು ಜೋರಾಗುತ್ತದೆ, ಜನವರಿಯಿಂದ ರೋಬಸ್ಟಾ. ಆಗ ಗುದ್ದಲಿ ಹಿಡಿಯುವ ಕೈ ಯಾರದ್ದೂ ಖಾಲಿ ಇರುವುದಿಲ್ಲ.

ತಿರುವುಗಳಲ್ಲಿ ಎರಡೂವರೆ ಮೀಟರ್ ಸಮತಟ್ಟು ಜಾಗ ಬಿಡಿ. ಪ್ರತಿ ತಿರುವಿಗೆ ನಾಲ್ಕು ಮೀಟರ್ ಮೊದಲೇ ಒಂದು ತಗ್ಗು ಕಡ್ಡಾಯ, ಇಲ್ಲದಿದ್ದರೆ ತಿರುವಿನ ಮೂಲೆಯೇ ನೀರಿಗೆ ಬಾಯಾಗುತ್ತದೆ. ಹೀಗೆ ಹೊಸ ದಾರಿಯಲ್ಲಿ ಎಳೆಯ ಮಧ್ಯದವು ಐದು, ತಿರುವಿನವು ನಾಲ್ಕು, ಒಟ್ಟು ಒಂಬತ್ತು. ಬಳಸುದಾರಿಯ 480 ಮೀಟರಿಗೆ 25 ಮೀಟರಿಗೊಂದರಂತೆ ಹತ್ತೊಂಬತ್ತು. ಎಲ್ಲಾ ಸೇರಿ 28 ತಗ್ಗು.

ಹಾರೆ ಗುದ್ದಲಿ:
ಒಪ್ಪಿದೆ. ಹಳೇ ಕೊರಕಲನ್ನು ಹಾಗೇ ಬಿಡಬೇಡಿ ಅನ್ನುವುದನ್ನು ಸೇರಿಸುತ್ತೇನೆ. ತಿರುವುದಾರಿ ಮಾಡಿ ಹಳೇ ನೇರದಾರಿ ತೆರೆದಿಟ್ಟರೆ ಮಕ್ಕಳು ಅದರಲ್ಲೇ ಇಳಿಯುತ್ತಾರೆ, ಒಂದು ವಾರದಲ್ಲಿ ದೊಡ್ಡವರೂ ಇಳಿಯುತ್ತಾರೆ. ಕೊರಕಲಿಗೆ ಅಡ್ಡಲಾಗಿ 25 ಸೆಂ.ಮೀ. ಎತ್ತರದ ಕಾಡುಕಲ್ಲಿನ ತಡೆ ಕಟ್ಟಿ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡಕ್ಕೆ ಸಮ ಬರಬೇಕು ಎಂಬುದು ನಿಯಮ. ಹಾಗೆ ಹೋದರೆ ಈ ಇಳಿಜಾರಿಗೆ 1.4 ಮೀಟರಿಗೊಂದು ಬೇಕು. ಆದರೆ ನೀರನ್ನು ಮೇಲೆಯೇ ತಿರುಗಿಸಿಯಾದ ಮೇಲೆ ಮೂರು ಮೀಟರಿಗೊಂದು ಸಾಕಾಗುತ್ತದೆ, 70 ಮೀಟರಿಗೆ 24. ತಡೆಯ ನಡುಭಾಗ ಎರಡೂ ಕೊನೆಗಿಂತ ಒಂದು ಅಂಗೈ ಅಗಲ ತಗ್ಗಿರಲಿ, ಇಲ್ಲದಿದ್ದರೆ ನೀರು ಪಕ್ಕದ ಮಣ್ಣನ್ನು ಕೊರೆದು ತಡೆಯನ್ನು ಸುತ್ತಿಕೊಂಡು ಹೋಗುತ್ತದೆ. ಹೊಸ ದಾರಿಯಲ್ಲಿ ಅಗೆದ 18 ಘನ ಮೀಟರ್ ಮಣ್ಣನ್ನು ಈ ತಡೆಗಳ ಹಿಂದೆ ಹಾಕಿ. ಮೇಲೆ, ಕೆಳಗೆ ಎರಡೂ ಬಾಯಿಗೆ ಕಡಿದ ಲಂಟಾನ ಒಟ್ಟಿ ಮುಚ್ಚಿ.

ಕೆಳಗಿನ 50 ಮೀಟರಿಗೆ ಕಲ್ಲಿನ ಮೆಟ್ಟಿಲೇ ಗತಿ. ಅಲ್ಲಿ 9 ಮೀಟರ್ ಏರಬೇಕು. 15 ಸೆಂ.ಮೀ. ಎತ್ತರದ ಮೆಟ್ಟಿಲು ಸುಮಾರು 50 ಬೇಕು, ನಾಲ್ಕೈದು ಮೆಟ್ಟಿಲಿಗೊಮ್ಮೆ ಎರಡು ಮೀಟರ್ ನಿಲ್ಲುವ ಜಾಗ, ಅದಕ್ಕೆ ಸ್ವಲ್ಪ ಏರು ಕೊಡಬಹುದು. ತುಳಿಯುವ ಅಗಲ 40 ಸೆಂ.ಮೀ. ಇರಲಿ. ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಮೇಲಿನ ಕಲ್ಲು 5 ಸೆಂ.ಮೀ. ಕೂರಬೇಕು, ಪ್ರತಿ ಕಲ್ಲಿಗೆ ಮುಂದಕ್ಕೆ ಒಂದು ಸೆಂ.ಮೀ. ವಾಟ. ಹಿಂದಕ್ಕೆ ವಾಟ ಆದರೆ ನೀರು ನಿಂತು ಪಾಚಿ ಹಿಡಿಯುತ್ತದೆ. ಮೆಟ್ಟಿಲಿನ ಎರಡೂ ಪಕ್ಕ ಮೊಣಕಾಲೆತ್ತರದ ಗುಂಡುಕಲ್ಲು ಹೂಳಲೇಬೇಕು. ಇಳಿಯುವವರು ಮೆಟ್ಟಿಲು ಬಿಟ್ಟು ಪಕ್ಕದ ಮಣ್ಣಿನಲ್ಲಿ ಇಳಿಯುತ್ತಾರೆ, ಎರಡೇ ವರ್ಷದಲ್ಲಿ ಪಕ್ಕದಲ್ಲಿ ಕೊರಕಲು, ಮೆಟ್ಟಿಲು ಒಂಟಿ.

ಒಂದು ಮೀಟರ್ ಅಗಲದ ಒಂದು ಮೆಟ್ಟಿಲು 180 ಕೆ.ಜಿ. ಹತ್ತಿರ ತೂಗುತ್ತದೆ. ಅರ್ಧರ್ಧ ಮೀಟರಿನ ಎರಡು ಕಲ್ಲಾಗಿ ತರಿಸಿ, 90 ಕೆ.ಜಿ.ಯಾದರೆ ನಾಲ್ಕು ಜನ ಹೊರೆಕೋಲಿನಲ್ಲಿ ಸಾಗಿಸಬಹುದು. ಕೆಲಸ ಬಲ್ಲ ಇಬ್ಬರು ದಿನಕ್ಕೆ ಆರರಿಂದ ಎಂಟು ಮೆಟ್ಟಿಲು ಕೂರಿಸುತ್ತಾರೆ. 50 ಮೆಟ್ಟಿಲಿಗೆ ಒಂದು ವಾರ. ಇದು ಶ್ರಮದಾನದ ಕೆಲಸವಲ್ಲ, ಕೂಲಿ ಕೊಟ್ಟು ಕಲ್ಲಿನ ಮೇಸ್ತ್ರಿಗಳಿಂದ ಮಾಡಿಸಿ. ಈ ವರ್ಷ ದುಡ್ಡಿಲ್ಲದಿದ್ದರೆ 50 ಮೀಟರಿನ ನೆತ್ತಿಯಲ್ಲಿ ಕಲ್ಲು ಹಾಸಿದ ಒಂದು ಓರೆಗಾಲುವೆ ಮಾಡಿ ಮೇಲಿನ ನೀರನ್ನು ಬಂಡೆಯ ಆಚೆ ಬಿಡಿ, ಮೆಟ್ಟಿಲು ಮುಂದಿನ ವರ್ಷ.

ಗೇಟುಬದಿ:
ಮೇಲಿನದ್ದೆಲ್ಲಾ ಸರಿ. ಗೇಟಿನ 40 ಮೀಟರ್ ಮಾತ್ರ ಕಾಂಕ್ರೀಟ್ ಮಾಡಲೇಬೇಕು ಅನ್ನುವುದು ನನ್ನ ವಾದ. ಗಾಲಿಕುರ್ಚಿಯವರು, ಕೋಲು ಹಿಡಿದವರು ಬಂಡೆಯವರೆಗೆ ಹೋಗದಿದ್ದರೂ ಗೇಟಿನೊಳಗಿನ ಕಲ್ಲುಬೆಂಚಿನವರೆಗೆ ಬರಬೇಕಲ್ಲವೇ? 10 ಸೆಂ.ಮೀ. ದಪ್ಪಕ್ಕೆ 4.8 ಘನ ಮೀಟರ್ ಆಗುತ್ತದೆ. 1:2:4 ಮಿಶ್ರಣಕ್ಕೆ ಸಿಮೆಂಟ್ 31 ಚೀಲ, ಎಂ-ಸ್ಯಾಂಡ್ 75 ಘನ ಅಡಿ, 20 ಎಂಎಂ ಜಲ್ಲಿ 150 ಘನ ಅಡಿ. ಅಡಿಯಲ್ಲಿ 40 ಎಂಎಂ ಜಲ್ಲಿ 10 ಸೆಂ.ಮೀ. ದಮ್ಮಸ್ಸು. ಮೂರು ಮೀಟರಿಗೊಂದು ಜಾಯಿಂಟ್, ಹಸಿ ಇರುವಾಗಲೇ ನಡಿಗೆಗೆ ಅಡ್ಡಲಾಗಿ ಗಟ್ಟಿ ಪೊರಕೆ ಎಳೆದು ಗೀರು. ನುಣುಪು ಮಾಡಿದರೆ ಆಗಸ್ಟಿನಲ್ಲಿ ಪಾಚಿ ಕಟ್ಟಿ ಜಾರುಬಂಡೆ. ಗಾಲಿಕುರ್ಚಿಗೆ 12ಕ್ಕೆ 1ಕ್ಕಿಂತ ಹೆಚ್ಚು ಏರು ಇರಬಾರದು, ಕನಿಷ್ಠ ಹತ್ತು ದಿನ ಒದ್ದೆ ಗೋಣಿ ಹೊದಿಸಬೇಕು.

ನೀರುಮಟ್ಟ:
ಲೆಕ್ಕ ಸರಿ, ಬೇಡಿಕೆಯೂ ನ್ಯಾಯದ್ದೇ. ಸಮಯ ಮಾತ್ರ ಈಗಲ್ಲ. ಗೇಟಿನ ಹತ್ತಿರದ ಕೆಸರು ಎಲ್ಲಿಂದ ಬಂತು? ಮೇಲಿನ ಕೊರಕಲಿನಿಂದ ಕಿತ್ತುಬಂದ ಮಣ್ಣೇ ಅಲ್ಲಿ ಇಳಿದಿರುವುದು. 120 ಮೀಟರ್ ಉದ್ದ, 40 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕೊರಕಲು ಅಂದರೆ 14 ಘನ ಮೀಟರ್ ಮಣ್ಣು. ಅದರಲ್ಲಿ ಒಂದು ಪಾಲು ಗೇಟಿನಲ್ಲಿದೆ. ಈಗ ಕಾಂಕ್ರೀಟ್ ಹಾಕಿದರೆ, ಮೇಲಿನ ಕೆಲಸದಲ್ಲಿ ಏನಾದರೂ ತಪ್ಪಿದ್ದರೆ ಹೊಸ ಕಾಂಕ್ರೀಟ್ ಮೇಲೆ ಮತ್ತೆ ಹೂಳು ಕೂರುತ್ತದೆ. ಒಂದು ಮಳೆಗಾಲ ನೋಡಿ, ಬರುವ ಅಕ್ಟೋಬರಿನಲ್ಲಿ ಹಾಕಿ. ಈ ವರ್ಷಕ್ಕೆ ಹೂಳು ಎತ್ತಿ, ಎರಡೂ ಬದಿ ಒಂದಡಿ ಚರಂಡಿ ತೆಗೆದು, 40 ಎಂಎಂ ಜಲ್ಲಿ 15 ಸೆಂ.ಮೀ., ಅದರ ಮೇಲೆ ಕ್ರಷರ್ ಪುಡಿ 5 ಸೆಂ.ಮೀ. ಹಾಕಿ ನೀರು ಚಿಮುಕಿಸಿ ದಮ್ಮಸ್ಸು ಹಾಕಿದರೆ ಕೋಲು ಹಿಡಿದವರು ನಡೆಯಬಹುದು, ಗಾಲಿಕುರ್ಚಿಯನ್ನೂ ತಳ್ಳಬಹುದು. ಅದೇ ಜಲ್ಲಿ ನಾಳೆ ಕಾಂಕ್ರೀಟಿಗೆ ತಳಪಾಯ. ಹಣ ವ್ಯರ್ಥವಾಗುವುದಿಲ್ಲ.

ಗೇಟುಬದಿ:
ತಳಪಾಯಕ್ಕೆ ಆಗುತ್ತದೆ ಅಂದರೆ ಒಪ್ಪುತ್ತೇನೆ. ಆದರೆ ಬರುವ ಅಕ್ಟೋಬರ್ ಎಂಬುದನ್ನು ಸಭೆಯ ಪುಸ್ತಕದಲ್ಲಿ ಬರೆಸಿಡಿ ಅಕ್ಕ.

ಕಾಫಿಕಣ:
ತಗ್ಗಿನಿಂದ ಹೊರಬಿಟ್ಟ ನೀರು ಸುಮ್ಮನೆ ಹರಿದುಹೋಗುವ ಬದಲು ಪ್ರತಿ ಬಾಯಿಯಲ್ಲಿ ಒಂದು ಇಂಗುಗುಂಡಿ ತೆಗೆಯಬಹುದಲ್ಲ? ತೋಟದಲ್ಲಿ ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವ ಹಾಗೆ. ಬೇಸಿಗೆಗೆ ತೇವ ಉಳಿಯುತ್ತದೆ.

ಬರೆಕಾವಲು:
ದಯವಿಟ್ಟು ಎಲ್ಲಾ ಕಡೆ ಬೇಡ. ಇಳಿಜಾರು ಕಡಿಮೆ ಇದ್ದು ಕೆಳಗೆ ಬರೆಯಾಗಲಿ ಮನೆಯಾಗಲಿ ಇಲ್ಲದ ಕಡೆ ತೊಟ್ಟಿಲು ಗುಂಡಿ ಒಳ್ಳೆಯದೇ. ಆದರೆ ಕಡಿದ ಬರೆಯ ಮೇಲ್ಭಾಗದಲ್ಲಿ ನೀರು ಇಂಗಿಸುವುದು ಅಪಾಯ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ನೀರು ತುಂಬಿದ ಹಾಗೆ ಒಳಗಿನ ಒತ್ತಡ ಏರಿ ಆ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ತೂಕವೂ ಹೆಚ್ಚುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಬರೆ ಮಳೆ ಕಡಿಮೆಯಾದ ಮಾರನೆಯ ದಿನ ಕುಸಿಯುವುದೂ ಇದಕ್ಕೇ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಅಕ್ಕ, ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಆ ಬಿರುಕು, ಅದು ಪಟ್ಟಿಯ ಕೊನೆಯಲ್ಲಿದೆ. ಬರೆಯ ಬುಡವನ್ನು ಶ್ರಮದಾನದವರು ಒಂದು ಬುಟ್ಟಿಯಷ್ಟೂ ಕೆರೆಯಬಾರದು. ಬುಡದಲ್ಲಿ ಬಿದ್ದಿರುವ ಮಣ್ಣೇ ಮೇಲಿನದ್ದಕ್ಕೆ ಆಸರೆ, ದಾರಿ ಸ್ವಚ್ಛ ಮಾಡುತ್ತೇವೆಂದು ಅದನ್ನು ತೆಗೆದಾಗಲೇ ಮುಂದಿನ ಕುಸಿತ. ಈಗ ಮಾಡಬೇಕಾದ್ದು ಇಷ್ಟು. ಬಿರುಕಿನ ಎರಡೂ ದಡದಲ್ಲಿ ಒಂದೊಂದು ಕಬ್ಬಿಣದ ಗೂಟ ಹೊಡೆದು ನಡುವಿನ ಅಂತರ ಮಿಲಿಮೀಟರಿನಲ್ಲಿ ಬರೆದಿಡಿ, ವಾರಕ್ಕೊಮ್ಮೆ ಅಳೆಯಿರಿ. ಬಿರುಕಿಗೆ ಜೇಡಿಮಣ್ಣು ತುರುಕಿ ಮುಚ್ಚಿ, ಮೇಲೆ ಟಾರ್ಪಾಲು ಹೊದಿಸಿ, ಒಳಗೆ ನೀರು ಇಳಿಯುವುದು ಮೊದಲು ನಿಲ್ಲಲಿ. ಬರೆಯ ನೆತ್ತಿಗಿಂತ ಐದಾರು ಮೀಟರ್ ಮೇಲೆ ಮೇಲ್ನೀರನ್ನು ಪಕ್ಕಕ್ಕೆ ಒಯ್ಯುವ ಚರಂಡಿ ಬೇಕು, ಅದಕ್ಕೂ ತಳಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಇಲ್ಲದಿದ್ದರೆ ಅದೇ ಇಂಗುಗುಂಡಿಯಾಗುತ್ತದೆ. ಇದನ್ನು, ತಡೆಗೋಡೆ ಬೇಕೇ ಬೇಡವೇ ಎಂಬುದನ್ನು ಎಂಜಿನಿಯರ್ ನೋಡಿ ಹೇಳಬೇಕು. ನಗರಸಭೆಗೆ ಫೋಟೋ, ಅಳತೆ ಸಹಿತ ಪತ್ರ ಕೊಡಿ. ಅಷ್ಟರವರೆಗೆ ಆ ತುಂಡನ್ನು ಹಗ್ಗ ಕಟ್ಟಿ ಮುಚ್ಚಿ. ನವೆಂಬರ್ 1ರ ನಡಿಗೆ ಬರೆಗಿಂತ ಮೊದಲೇ ತಿರುಗಬೇಕು.

ಕಾಫಿಕಣ:
ಸರಿ, ಗುಂಡಿಯ ಮಾತು ಬಿಟ್ಟೆ. ಬದಲಿಗೆ ಬರೆಯ ನೆತ್ತಿಗೆ ಲಾವಂಚ ನೆಡಬಹುದೇ?

ಬರೆಕಾವಲು:
ಬಿಸಿಲು ಬೀಳುವ ಕಡೆ ಖಂಡಿತ ನೆಡಿ. ಬೇರು ಎರಡು, ಮೂರು ಮೀಟರ್ ನೇರ ಕೆಳಗೆ ಇಳಿಯುತ್ತದೆ. ಇಳಿಜಾರಿಗೆ ಅಡ್ಡವಾಗಿ ಸಮಮಟ್ಟದ ಸಾಲಿನಲ್ಲಿ, 12 ಸೆಂ.ಮೀ. ಅಂತರದಲ್ಲಿ, ಎರಡು ಮೂರು ಕವಲಿನ ಸಸಿ. 10 ಮೀಟರ್ ಸಾಲಿಗೆ 80ರಿಂದ 85 ಸಸಿ ಬೇಕು. ಸಿಲ್ವರ್ ಮರದ ದಟ್ಟ ನೆರಳಿನಲ್ಲಿ ಲಾವಂಚ ಏಳುವುದಿಲ್ಲ, ಅಲ್ಲಿ ಇರುವ ಜರಿಗಿಡ, ಹುಲ್ಲನ್ನೇ ಕೆರೆಯದೆ ಬಿಡುವುದು ಮೇಲು. ನಾಟಿಗೆ ಜೂನ್ ಮೊದಲ ವಾರ ಸರಿಯಾದ ಕಾಲ, ಈಗ ನೆಟ್ಟರೆ ಬೇಸಿಗೆಯಲ್ಲಿ ನೀರು ಹೊರಬೇಕು. ಲಾವಂಚ ಮೇಲ್ಮಣ್ಣು ಹಿಡಿಯುತ್ತದೆ, ಬಿರುಕು ಬಿಟ್ಟ 3 ಮೀಟರ್ ಬರೆಯನ್ನು ಅದೊಂದೇ ಹಿಡಿದು ನಿಲ್ಲಿಸುತ್ತದೆಂದು ನಂಬಬೇಡಿ.

ಕಕ್ಕಡಮಳೆ:
ಹುಲ್ಲಿನ ವಿಷಯ ಬಂದದ್ದಕ್ಕೆ. ದಾರಿಯ ಬದಿಯನ್ನು ಗುದ್ದಲಿಯಿಂದ ಕೆತ್ತಿ ಕೆಂಪಗೆ ಮಾಡಿದರೆ ಅಚ್ಚುಕಟ್ಟಾಗಿ ಕಾಣುತ್ತದೆ ಅಂತ ಬಹಳ ಜನ ಭಾವಿಸುತ್ತಾರೆ. ಆ ಹುಲ್ಲಿನ ಬೇರೇ ದಾರಿಯ ಅಂಚು. ವೀಡ್ ಕಟ್ಟರಿನಲ್ಲಿ 6ರಿಂದ 8 ಸೆಂ.ಮೀ. ಬಿಟ್ಟು ಸವರಿದರೆ ಸಾಕು. ಕಲ್ಲಿರುವ ಕಡೆ ಬ್ಲೇಡ್ ಬೇಡ, ನೈಲಾನ್ ದಾರ ಹಾಕಿ. ಓಡಿಸುವವರಿಗೆ ಕನ್ನಡಕ, ಗಂಬೂಟು. ಉಳಿದವರು 15 ಮೀಟರ್ ದೂರ. ಕಳೆನಾಶಕ ಹೊಡೆಯಲೇಬೇಡಿ, ಬೇರು ಸತ್ತ ಮಣ್ಣು ಮೊದಲ ಮಳೆಗೇ ಎದ್ದುಹೋಗುತ್ತದೆ.

ಲಂಟಾನವನ್ನು ಮೇಲಿಂದ ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಪಿಕಾಸಿಯಿಂದ ಬುಡದ ಸುತ್ತ ಬಿಡಿಸಿ, ಕಾಂಡ ಬೇರು ಸೇರುವ ಗಂಟಿಗಿಂತ 4, 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸಿ. ಹಣ್ಣು ಬಿಡುವ ಮೊದಲು ಮಾಡಬೇಕು, ಪಿಕಳಾರಗಳು ಬೀಜ ಹರಡುತ್ತವೆ. ಆ ಹಕ್ಕಿಗಳು ಕೂರುವ ಮರದಡಿಯಲ್ಲಿ ಮುಂದಿನ ಎರಡು ವರ್ಷ ಸಣ್ಣ ಸಸಿ ಕೀಳುತ್ತಿರಬೇಕು. ಬರೆಯ ಮೇಲಿನ ಲಂಟಾನವನ್ನು ಮಾತ್ರ ಬೇರುಸಹಿತ ಕೀಳಬೇಡಿ, ಅಲ್ಲಿ ಸವರಿ ಬಿಡಿ.

ಇನ್ನೊಂದು, ಕಲ್ಲು ಎತ್ತುವಾಗ ಮೊದಲು ಹಾರೆಯಿಂದ ಅಲುಗಿಸಿ, ಆಮೇಲೆ ಕೈ ಹಾಕಿ. ಈ ಕಾಲಕ್ಕೆ ಗುಳಿಮಂಡಲ ಹಾವು ಕಲ್ಲಿನಡಿ, ಎಲೆರಾಶಿಯಡಿ ಇರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಅಲುಗಾಡಿಸದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಹಾಗಾಗಿ ಗೇಟಿನಲ್ಲಿ ಒಂದು ವಾಹನ ಸದಾ ಸಿದ್ಧ ಇರಲಿ.

ಕಡತದವರು:
ಉದ್ಯಾನ ನಗರಸಭೆಯದ್ದಾದರೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅನ್ವಯಿಸುತ್ತದೆ. ಹೊಸ ದಾರಿ ಕೊರೆಯುವುದು ಬರೀ ಸ್ವಚ್ಛತೆಯಲ್ಲ, ಲಿಖಿತ ಒಪ್ಪಿಗೆ ಬೇಕು. ಪೌರಾಯುಕ್ತರಿಗೆ ಕೊಡುವ ಪತ್ರದಲ್ಲಿ ದಾರಿಯ ಕೈನಕ್ಷೆ, ದಿನಾಂಕ, ಎಷ್ಟು ಜನ, ಯಾವ ಉಪಕರಣ, ಯಂತ್ರ ತರುವುದಿಲ್ಲ ಎಂಬ ಸಾಲು, ಇಷ್ಟಿರಲಿ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮರ ಕಡಿಯುವುದಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇರೆ, ಆದ್ದರಿಂದ ಮರ ತಪ್ಪಿಸಿ ಗೂಟ ಹೊಡೆಯಿರಿ. ಅಗೆಯುವ ಗೆರೆಯಲ್ಲಿ ನೀರಿನ ಪೈಪು ಹಾದಿದೆಯೇ ಅಂತ ನೀರು ಬಿಡುವವರನ್ನೇ ಕರೆದು ಕೇಳಿ, ಅವರಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಂತಿಗೆ ತಾಗಿದ ಕೊಂಬೆ ಇದ್ದರೆ ಕತ್ತಿ ಹಾಕಬೇಡಿ, ವಿದ್ಯುತ್ ಕಂಪನಿ ಸೆಸ್ಕಿನ ಸಹಾಯವಾಣಿ 1912ಕ್ಕೆ ಹೇಳಿ.

ಇದನ್ನು ಓದುವ ಹಳ್ಳಿಯವರಿಗೆ ಒಂದು ಮಾತು. ನಿಮ್ಮಲ್ಲಿ ಓಣಿ, ಕಾಲುದಾರಿ ಪೈಸಾರಿಯಲ್ಲಿದೆಯೋ (ಸರ್ಕಾರಿ ಜಾಗ) ಊರುಡುವೆಯಲ್ಲಿದೆಯೋ (ಊರಿನ ಸಾಮೂಹಿಕ ಜಾಗ) ಯಾರದ್ದಾದರೂ ಬಾಣೆಯಲ್ಲಿದೆಯೋ (ಗದ್ದೆಗೆ ಸೇರಿದ ಗುಡ್ಡದ ಜಾಗ) ಮೊದಲು ನೋಡಿಕೊಳ್ಳಿ. ದೇವರಕಾಡಿನೊಳಗಾದರೆ ದೇವಸ್ಥಾನ ಸಮಿತಿ, ಅರಣ್ಯ ಇಲಾಖೆ ಇಬ್ಬರನ್ನೂ ಕೇಳದೆ ಒಂದು ಬಳ್ಳಿಯನ್ನೂ ಕಡಿಯಬಾರದು. ಕಾಮಗಾರಿ ಪಂಚಾಯಿತಿಯಿಂದ ಆಗಬೇಕಾದರೆ ವಾರ್ಡ್ ಸಭೆಯಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಸೇರಿಸಿ.

ಸಿದ್ದಾಪುರ ಕಡೆಯವ:
ಆನೆ ಓಡಾಡುವ ನಮ್ಮಂಥ ಕಡೆಗಳಲ್ಲಿ ದಾರಿಬದಿಗೆ ಹಲಸು, ಬೈನೆ, ಬಾಳೆ ನೆಡಬೇಡಿ. ನಡಿಗೆ ಬೆಳಿಗ್ಗೆ ಎಂಟರ ಮೇಲೆ, ಸಂಜೆ ಐದರೊಳಗೆ. ತಿರುವಿನಲ್ಲಿ ಮುಂದಿನ 20 ಮೀಟರ್ ಕಾಣುವಷ್ಟು ಪೊದೆ ಸವರಿರಬೇಕು.

ಒಲೆಮುಂದೆ:
ಊಟದ ಲೆಕ್ಕ ಯಾರೂ ಹೇಳಲಿಲ್ಲ. ನವೆಂಬರ್ 1ಕ್ಕೆ 60 ಜನ ಅಂದುಕೊಂಡರೆ ಉಪ್ಪಿಟ್ಟಿಗೆ ರವೆ 5 ಕೆ.ಜಿ., ನೀರು ರವೆಯ ಅಳತೆಗೆ ಎರಡೂವರೆ ಪಟ್ಟು. ರವೆಯನ್ನು ಹಿಂದಿನ ದಿನವೇ ಹುರಿದಿಟ್ಟರೆ ಬೆಳಿಗ್ಗೆ ಮುಕ್ಕಾಲು ಗಂಟೆಯ ಕೆಲಸ. ಬೆಲ್ಲದ ಕಾಫಿಗೆ 7 ಲೀಟರ್ ನೀರು, ಪುಡಿ ಕಾಲು ಕೆ.ಜಿ., ಬೆಲ್ಲ ಅರ್ಧ ಕೆ.ಜಿ. ಹಾಲು ಬೇಡ, ಚಳಿಯಲ್ಲಿ ಕರಿಕಾಫಿಯೇ ಎಲ್ಲರಿಗೂ ಹಿಡಿಸುತ್ತದೆ. ಅಡಿಕೆ ಹಾಳೆ ತಟ್ಟೆ, ಲೋಟ ಮನೆಯಿಂದ. ಪ್ಲಾಸ್ಟಿಕ್ ತಟ್ಟೆ, ಲೋಟ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಕುಡಿಯುವ ನೀರಿಗೆ 20 ಲೀಟರಿನ ಮೂರು ಕ್ಯಾನ್, ಸಣ್ಣ ಬಾಟಲಿ ತರಿಸಬೇಡಿ. ಕಸದ ಡಬ್ಬಿ ದಾರಿಯುದ್ದಕ್ಕೂ ಇಟ್ಟರೆ ಕೋತಿಗಳು ಬುಡಮೇಲು ಮಾಡುತ್ತವೆ, ಗೇಟಿನಲ್ಲಿ ಮುಚ್ಚಳದ ಎರಡು ಡಬ್ಬಿ ಸಾಕು. ಫಲಕಗಳನ್ನು ಮರಕ್ಕೆ ಮೊಳೆ ಹೊಡೆದು ತೂಗಬೇಡಿ, ಎರಡು ಇಂಚಿನ ಜಿಐ ಪೈಪು ಅರ್ಧ ಮೀಟರ್ ಹೂತು ಹಾಕಿಸಿ.

ನಡಿಗೆಗೆ 12 ಜನರ ಗುಂಪು ಮಾಡಿ ಹತ್ತು ನಿಮಿಷ ಅಂತರದಲ್ಲಿ ಬಿಡಿ. ಹೊಸ ದಾರಿಯ ದಿಬ್ಬ ಇನ್ನೂ ಹಸಿ ಇರುತ್ತದೆ, 60 ಜನ ಒಟ್ಟಿಗೆ ತುಳಿದರೆ ಅಂಚು ಕುಸಿಯುತ್ತದೆ.

ವಾರ್ಡಿನ ಅಕ್ಕ:
ಎಲ್ಲರಿಗೂ ಕೃತಜ್ಞತೆ. ಇವತ್ತಿನ ತೀರ್ಮಾನ ಹೀಗೆ. ಮೊದಲ ಭಾನುವಾರ ಬಳಸುದಾರಿಯ 19 ತಗ್ಗು ಮತ್ತು 50 ಮೀಟರಿನ ನೆತ್ತಿಯ ಓರೆಗಾಲುವೆ, ಇಬ್ಬಿಬ್ಬರ ಹನ್ನೆರಡು ಜೋಡಿ. ಎರಡನೇ ಭಾನುವಾರ 140 ಮೀಟರ್ ಹೊಸ ದಾರಿ ಹನ್ನೆರಡು ಜನ, ಉಳಿದ ಹನ್ನೆರಡು ಜನ ಕೊರಕಲಿನ ತಡೆ ಮತ್ತು ಒಂಬತ್ತು ತಗ್ಗು. ಗೇಟಿನ ಜಲ್ಲಿ, ಕ್ರಷರ್ ಪುಡಿ ನಡುವಿನ ವಾರದಲ್ಲಿ ಕೂಲಿಯವರಿಂದ. ಮೆಟ್ಟಿಲು, ಕಾಂಕ್ರೀಟ್ ಬರುವ ವರ್ಷಕ್ಕೆ. ಬರೆಯ ಪತ್ರ ನಾಳೆ ಬೆಳಿಗ್ಗೆಯೇ ಕೊಡುತ್ತೇವೆ, ಹಗ್ಗ ಇವತ್ತೇ ಕಟ್ಟಿದ್ದೇವೆ. ತಗ್ಗಿಗೊಂದು ಕಲ್ಲು ನೆಟ್ಟು 1ರಿಂದ 28ರವರೆಗೆ ಸುಣ್ಣದಲ್ಲಿ ನಂಬರ್ ಬರೆದು, ಒಂದೊಂದನ್ನು ಒಂದೊಂದು ಮನೆ ನೋಡಿಕೊಳ್ಳುವುದೆಂದು ಒಪ್ಪಿಗೆಯಾಗಿದೆ.

ನೀರುಮಟ್ಟ:
ನಂಬರ್ ಹಾಕಿದ್ದು ಬಹಳ ಒಳ್ಳೆಯದಾಯಿತು. ಸುಣ್ಣ ಮಾತ್ರ ಬೇಡ, ಜೂನ್ ದಾಟುವುದಿಲ್ಲ, ಎನಾಮಲ್ ಪೇಂಟ್ ಹಾಕಿ. ಆ 28 ಮನೆಯವರಿಗೂ ಒಂದೇ ಅಳತೆ ಹೇಳಿ. ತಗ್ಗಿನಲ್ಲಿ ಹೂಳು ನಾಲ್ಕು ಬೆರಳು ತುಂಬಿದರೆ ಎತ್ತಬೇಕು, ಎತ್ತಿದ್ದನ್ನು ದಿಬ್ಬದ ಮೇಲೆಯೇ ಹಾಕಬೇಕು. ಸಿಲ್ವರ್ ಎಲೆ ಬಾಯಿ ಕಟ್ಟದಂತೆ ಜೂನ್ ಒಂದನೇ ತಾರೀಕಿನೊಳಗೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಗುಡಿಸಬೇಕು. ಮೊದಲ ದೊಡ್ಡ ಮಳೆ ಹೊಡೆಯುತ್ತಿರುವಾಗಲೇ, ನಿಂತ ಮೇಲಲ್ಲ, ಇಬ್ಬರು ಕೊಡೆ ಹಿಡಿದು ಗೇಟಿನಿಂದ ಹಗ್ಗ ಕಟ್ಟಿದ ಕಡೆಯವರೆಗೆ ನಡೆದು ಎಲ್ಲಿ ನೀರು ತಗ್ಗು ದಾಟಿ ಮುಂದೆ ಹೋಗುತ್ತಿದೆ ಅಂತ ಬರೆದುಕೊಳ್ಳಲಿ. 28ರಲ್ಲಿ ನಾಲ್ಕೈದು ತಪ್ಪಿರುತ್ತವೆ. ಆ ನಂಬರುಗಳನ್ನು ಇಲ್ಲೇ ಹಾಕಿ, ಯಾವುದನ್ನು ಆಳ ಮಾಡಬೇಕು, ಯಾವುದನ್ನು ಮೇಲಕ್ಕೆ ಸರಿಸಬೇಕು ನೋಡೋಣ.

ಹಾರೆ ಗುದ್ದಲಿ:
ಲೆವೆಲ್ ಟ್ಯೂಬನ್ನು ಎರಡನೇ ಭಾನುವಾರಕ್ಕೂ ಇಟ್ಟುಕೊಳ್ಳಿ ಅಕ್ಕ. ಗೂಟ ಹೊಡೆಯುವ ಮೊದಲು ಟ್ಯೂಬಿನೊಳಗೆ ಗಾಳಿಗುಳ್ಳೆ ಇಲ್ಲ ಅಂತ ಎರಡು ಸಲ ನೋಡಿ. ಒಂದು ಗುಳ್ಳೆ ಇದ್ದರೂ ಎರಡು ಕೊನೆಯ ನೀರು ಸಮ ನಿಲ್ಲುವುದಿಲ್ಲ, 28 ಮೀಟರಿನ ಎಳೆಯಲ್ಲಿ ನಿಮ್ಮ ನೂರಕ್ಕೆ ಒಂಬತ್ತರ ಲೆಕ್ಕ ತಪ್ಪಿಬಿಡುತ್ತದೆ.